ಜಾವಾದ ಮೊದಲ ಗೆರೆ

ಆಗ ನನಗೆ ಅರವತ್ಮೂರು. ಈ ಮಾತಿಗೆ ಈಗ ಆರು ವರ್ಷ. ಭಾಲ್ಕಿಯಲ್ಲಿ ಕೈಯಿಂದ ಬೋರ್ಡು ಬರೆಯುವವರು ಆ ಹೊತ್ತಿಗೆ ಇಬ್ಬರೇ ಉಳಿದಿದ್ದರು. ಒಬ್ಬಾತನ ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಬ್ಬಳು ನಾನು, ಪೇಂಟರ್ ಕಾಶೀಬಾಯಿ.

ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ನಮ್ಮನ್ನು ಬಿಟ್ಟರು. ಗೋಡೆ ಬರೆಸುವವರು ಬಿಡಲಿಲ್ಲ. ಫ್ಲೆಕ್ಸ್ ಗಾಳಿಗೆ ಹರಿಯುತ್ತದೆ, ಇಲ್ಲವೆ ಯಾರಾದರೂ ಬಿಚ್ಚಿಕೊಂಡು ಹೋಗಿ ತೊಗರಿ ರಾಶಿಯ ಮೇಲೆ ಹೊದಿಸುತ್ತಾರೆ. ಗೋಡೆಯನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಬೀಜದ ಕಂಪನಿಯವರು, ಸಿಮೆಂಟಿನವರು, ಕಾಲೇಜಿನವರು ಇನ್ನೂ ನನ್ನ ಮನೆ ಹುಡುಕಿಕೊಂಡು ಬರುತ್ತಿದ್ದರು. ಭಾತಂಬ್ರಾಕ್ಕೆ ಹೋಗುವ ದಾರಿಯಲ್ಲಿ ಈಗಲೂ ನಾನು ಬರೆದ ಗೋಡೆಗಳಿವೆ. ಬಣ್ಣ ಮಾಸಿದೆ, ಅಕ್ಷರ ನೆಟ್ಟಗಿದೆ.

ನಾನು ಹುಟ್ಟಿದ್ದು ಹಲಬರ್ಗಾದಲ್ಲಿ. ಎರಡನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಡಿಸಿದರು. ಅಕ್ಷರ ಕಲಿತದ್ದು ಮದುವೆಯಾಗಿ ಭಾಲ್ಕಿಗೆ ಬಂದ ಮೇಲೆ, ಗಂಡನ ಕೈಕೆಳಗೆ. ಮೊದಲು ಬಣ್ಣ ಕಲಸಿದೆ, ಆಮೇಲೆ ದಾರದ ತುದಿ ಹಿಡಿದೆ, ಅವರು ಹೋದ ಮೇಲೆ ಬ್ರಶ್ ಹಿಡಿದೆ. ಬರೆಯುವುದು ನನಗೆ ಸಲೀಸು, ಓದುವುದು ಕಷ್ಟ. ಕೇಳಿದವರು ನಗುತ್ತಾರೆ. ನಗಲಿ. ಅಡುಗೆಯವಳು ಬಡಿಸಿದ್ದನ್ನೆಲ್ಲ ತಿನ್ನುತ್ತಾಳೇನು?

ನಮ್ಮ ಮನೆಯ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಗೋಡೆಗೆ ಬಣ್ಣ ಬಳಿದು ಒಣಗಿಸಿ, ನೀಲಿ ಪುಡಿ ಹಚ್ಚಿದ ದಾರ ಬಿಗಿಹಿಡಿದು ಮಿಡಿಯುತ್ತೇವೆ. ನೆಟ್ಟಗೆ ಗೆರೆ ಬೀಳುತ್ತದೆ. ಆ ಗೆರೆಗಳ ನಡುವೆ ಬಳಪದಿಂದ ಅಕ್ಷರ ಬರೆದಿಡುತ್ತೇವೆ. ಬಳಪದ ಬರಹ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆಗ ಬೋರ್ಡಿನ ಮಾಲಕ ಬಂದು ನೋಡಬೇಕು. ಬದಲಾಗಬೇಕಿದ್ದರೆ ಆಗಲೇ ಹೇಳಬೇಕು. ಒಪ್ಪಿಗೆಯಾದರೆ ತೆಂಗಿನಕಾಯಿ ಒಡೆದು, ನಮ್ಮ ಬ್ರಶ್ ತೆಗೆದುಕೊಂಡು, ಮೊದಲ ಗೆರೆಯನ್ನು ಅವನೇ ಎಳೆಯಬೇಕು. ನೋಡಿದವರು ಇದನ್ನು ಪೂಜೆ ಎಂದುಕೊಳ್ಳುತ್ತಾರೆ. ಪೂಜೆ ನೆಪ. ನನ್ನ ಗಂಡ ಇದನ್ನು ಹಾಕಿಕೊಂಡದ್ದು ಜಗಳ ಸಾಕಾಗಿ. ಗೋಡೆ ಪೂರ್ತಿ ಬರೆದು ಏಣಿಯಿಂದ ಇಳಿದ ಮೇಲೆ ಒಬ್ಬ ಕಿರಾಣಿಯವನು, ನಾನು ಹಸಿರು ಹೇಳಿದ್ದೆ, ಕೆಂಪು ಹೇಳಲೇ ಇಲ್ಲ ಎಂದು ಸಾಧಿಸಿದ್ದನಂತೆ. ಓದು ಬಾರದವರಿಗೆ ಕಾಗದದ ಮೇಲೆ ಸಹಿ ಮಾಡಿಸಿಕೊಳ್ಳುವುದು ಗೊತ್ತಿಲ್ಲ. ಗೆರೆಯೇ ಸಹಿ. ಎಳೆದ ಮೇಲೆ ಬೋರ್ಡಿನಲ್ಲಿ ಇರುವುದೆಲ್ಲ ಎಳೆದವನದು, ತಪ್ಪಿದ್ದರೆ ತಪ್ಪೂ ಅವನದೇ. ಭಾಲ್ಕಿ ಪೇಟೆಯಲ್ಲಿ ಬಣಜಿಗರು, ಸಾಬರು, ಮಾರವಾಡಿಗಳು, ಎಲ್ಲರೂ ನಮ್ಮ ಬ್ರಶ್ ಹಿಡಿದು ಗೆರೆ ಎಳೆದವರೇ. ಎಳೆದು, ಎಳೆದಿಲ್ಲ ಎಂದವನನ್ನು ನಾನು ಕಂಡದ್ದು ಒಬ್ಬನನ್ನೇ. ಅವನ ಕಥೆ ಇದು.

ಹೆಸರು ಶಿವಕಾಂತ. ಬೀದರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ, ಭಾಲ್ಕಿಯಲ್ಲಿ ಅದರದೊಂದು ಶಾಖೆ. ಹೊರಗಿನ ಒಂದು ಕಂಪನಿ ತನ್ನ ಹೆಸರು, ಪಾಠ, ಸರ್ಟಿಫಿಕೇಟು ಕೊಡುತ್ತದೆ, ಕೋಣೆಯನ್ನೂ ಕಲಿಸುವವರನ್ನೂ ಇವನು ನೋಡಿಕೊಳ್ಳುತ್ತಾನೆ. ಇದಕ್ಕೆ ಫ್ರಾಂಚೈಸಿ ಎನ್ನುತ್ತಾರಂತೆ. ಔರಾದಿನಲ್ಲಿ ಇನ್ನೊಂದು ಶಾಖೆ ತೆರೆಯುವ ತಯಾರಿ ನಡೆದಿತ್ತು. ಅದಕ್ಕೆ ಮೊದಲು ಭಾಲ್ಕಿಯ ಶಾಖೆ ಊರಿಗೆಲ್ಲ ಕಾಣಲಿ ಎಂದು ಬಸ್ಸು ಹಾಯುವ ರಸ್ತೆಯ ಉದ್ದನೆಯ ಕಂಪೌಂಡ್ ಗೋಡೆಯನ್ನು ನನಗೆ ಒಪ್ಪಿಸಿದ. ಅಲ್ಲಿ ಕಲಿಸುವ ಭಾಷೆಗಳ ಹೆಸರನ್ನು ಸಾಲಾಗಿ ಬರೆಯಬೇಕು. ಮನುಷ್ಯರು ಆಡುವ ಭಾಷೆಗಳಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು. ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್.

ಹೆಸರು ಬರೆದುಕೊಡಲು ಬಂದವಳು ನಸ್ರೀನ್. ಭಾಲ್ಕಿ ಶಾಖೆಯಲ್ಲಿ ಕಲಿಸುವ ಮೇಡಂ. ಬೀದರಿನ ಚಿದ್ರಿಯಲ್ಲಿ ಮನೆ, ದಿನಾ ಬಸ್ಸಿಗೆ ಬಂದು ಹೋಗುವವಳು. ಅಪ್ಪನದು ಗಡಿಯಾರ ರಿಪೇರಿ. ಔರಾದಿನ ಶಾಖೆ ಅವಳದೇ ಎಂದು ಶಿವಕಾಂತ ಮಾತು ಕೊಟ್ಟಿದ್ದ. ಆ ಮಾತು ನಂಬಿ ಅವಳು ಭಾನುವಾರ ಭಾನುವಾರ ಔರಾದಿಗೆ ಹೋಗಿ, ಮನೆಮನೆ ತಿರುಗಿ, ಹೆಣ್ಣುಮಕ್ಕಳ ಅವ್ವಂದಿರ ಮುಂದೆ ಕೂತು ಚಹಾ ಕುಡಿದು, ಮಕ್ಕಳನ್ನು ಕೂಡಿಸಿದ್ದಳು. ದಾರದ ಒಂದು ತುದಿಯನ್ನು ನಾನು ಯಾವಾಗಲೂ ಮೊಳೆಗೆ ಕಟ್ಟುತ್ತೇನೆ. ಈ ಗೋಡೆಗೆ ದಾರ ಮಿಡಿಯುವ ದಿನ ಅವಳು ತಾನಾಗಿಯೇ ಹಿಡಿದಳು. ಹಿಡಿದುಕೊಂಡೇ ಇದನ್ನೆಲ್ಲ ಹೇಳಿದಳು.

ಮೊದಲ ದಿನ ಅವಳು ಕಾಗದದ ಮೇಲೆ ಸಣ್ಣಗೆ ಬರೆದು ತಂದದ್ದು ನನ್ನ ಕಣ್ಣಿಗೆ ನಿಲ್ಲಲಿಲ್ಲ. ವರಾಂಡದ ನೆಲದ ಮೇಲೆ ದೊಡ್ಡದಾಗಿ ಬರೆದು ತೋರಿಸು ಎಂದೆ. ದುಪಟ್ಟಾ ಸೊಂಟಕ್ಕೆ ಬಿಗಿದು, ಮೊಣಕಾಲೂರಿ, ಬಳಪದಿಂದ ಇಂಗ್ಲಿಷಿನಲ್ಲಿ ಒಂದೊಂದೇ ಬರೆದಳು. ಜಾವಾ, ಪೈಥಾನ್, ರೂಬಿ, ಪಿಎಚ್‌ಪಿ, ಎಸ್‌ಕ್ಯೂಎಲ್, ಜಾವಾಸ್ಕ್ರಿಪ್ಟ್, ಸಿ. ನೋಡಿದೆ. ನನಗೆ ಸಿಟ್ಟೇ ಬಂತು. ಇಂಗ್ಲಿಷಿನಲ್ಲಿ ನನ್ನ ಕೈಗೆ ಬರುವುದು ದೊಡ್ಡಕ್ಷರಗಳು ಮಾತ್ರ. ಅಂಗಡಿ ಬೋರ್ಡು ಅಂದರೆ ಎಲ್ಲ ದೊಡ್ಡಕ್ಷರ. ಮೇಲೊಂದು ದಾರ, ಕೆಳಗೊಂದು ದಾರ, ನಡುವೆ ಇಟ್ಟಂಗಿ ಜೋಡಿಸಿದ ಹಾಗೆ. ಇವಳು ಬರೆದದ್ದರಲ್ಲಿ ಒಂದಕ್ಕೆ ತಲೆ ಮೇಲೆದ್ದಿದೆ, ಇನ್ನೊಂದರ ಬಾಲ ಕೆಳಗೆ ಇಳಿಬಿದ್ದಿದೆ.

"ಇದೇನು ಬೇಟಿ, ಮೊದಲನೇದು ಮುಂಡಾಸ ಸುತ್ಕೊಂಡದ, ಉಳಿದವು ಬರಿತಲಿಲೆ ನಿಂತಾವ," ಎಂದೆ.

"ಅದು ಹೆಸರದ ಆಯಿ. ಹೆಸರಿಗಿ ಮೊದಲನೇದು ಅಷ್ಟೇ ದೊಡ್ಡದು."

"ಮತ್ತ ಇಲ್ಲಿ ಮೂರೂ ಮುಂಡಾಸದವರೇ ಇದ್ದಾರ."

"ಅದು ಡಿಗ್ರಿ ಇದ್ದಂಗ. ಡಾಕ್ಟರ್ ಬೋರ್ಡಿನ ಮ್ಯಾಲ ಎಂಬಿಬಿಎಸ್ ಅಂತ ಬರೀತೀರಿಲ್ಲ? ಒಂದೊಂದು ಅಕ್ಷರದ ಹಿಂದ ಒಂದೊಂದು ಮಾತು ಅದ. ಅದಕ್ಕ ಎಲ್ಲಾ ದೊಡ್ಡವು."

ಹೀಗೆ ಒಂದೊಂದಕ್ಕೂ ಕಾರಣ ಹೇಳಿದಳು. ಜಾವಾ, ಪೈಥಾನ್, ರೂಬಿ ಬರೀ ಹೆಸರುಗಳು, ತಲೆಯಕ್ಷರ ಮಾತ್ರ ದೊಡ್ಡದು. ಪಿಎಚ್‌ಪಿ, ಎಸ್‌ಕ್ಯೂಎಲ್ ಮಾತುಗಳನ್ನು ಕತ್ತರಿಸಿ ಮಾಡಿದ್ದು, ಎಲ್ಲ ದೊಡ್ಡವು. ಜಾವಾಸ್ಕ್ರಿಪ್ಟಿಗೆ ನಡುವೆಯೂ ಒಂದು ದೊಡ್ಡಕ್ಷರ ಬರುತ್ತದೆ. ಸಿ ಒಂಟಿ ಅಕ್ಷರ, ಅದೂ ದೊಡ್ಡದು. ಫೋರ್ಟ್ರಾನ್ ಎಂಬುದೊಂದು ಹಳೆಯ ಭಾಷೆ ಇದೆಯಂತೆ. ಮೊದಲು ಅದನ್ನು ಪೂರ್ತಿ ದೊಡ್ಡಕ್ಷರದಲ್ಲೇ ಬರೆಯುತ್ತಿದ್ದರಂತೆ, ಆಮೇಲೆ ಅದನ್ನು ಮಾಡುವವರೇ ಕೂತು ಮೊದಲನೆಯದನ್ನು ಬಿಟ್ಟು ಉಳಿದವನ್ನು ಸಣ್ಣದು ಮಾಡಿದರಂತೆ.

ಕಂಪ್ಯೂಟರಿನಲ್ಲೂ ಮೇಲು ಕೀಳು ಮಾಡಿಟ್ಟಿದ್ದಾರಾ ಎಂದು ಕೇಳಿದೆ. ಅವಳು ಬಳಪ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮೇಲು ಕೀಳು ಅಲ್ಲ ಆಯಿ. ಮಾಡಿದವರು ಏನು ಹೆಸರಿಟ್ಟಾರ, ಹಂಗ ಕರಿಬೇಕು. ನಿಮಗ ಯಾರಾದ್ರೂ 'ಏ ಕಾಶಿ' ಅಂದ್ರ ಏನ್ ಮಾಡ್ತೀರಿ?"

"ಚಪ್ಪಲಿ ತಗೋತೇನಿ."

"ಹಾಂ. ಇದೂ ಹಂಗೇ."

ಕನ್ನಡದಲ್ಲಿ ಈ ಗೊಡವೆ ಇಲ್ಲವಲ್ಲ ಎಂದೆ. ತಮ್ಮ ಉರ್ದುವಿನಲ್ಲೂ ಇಲ್ಲ, ಈ ತಂಟೆ ಇಂಗ್ಲಿಷಿನವರದು ಎಂದು ನಕ್ಕಳು. ನನಗೆ ಆ ಹುಡುಗಿ ಹಿಡಿಸಿದಳು. ಗೊತ್ತಿದ್ದದ್ದನ್ನು ಗೊತ್ತಿಲ್ಲದವರಿಗೆ ಹೇಳುವಾಗ ಅವಳ ಮೂಗು ಮೇಲೇರುತ್ತಿರಲಿಲ್ಲ.

ಆ ದಿನವೆಲ್ಲ ನೆಲದ ಮೇಲೆ ಸಣ್ಣಕ್ಷರ ತಿದ್ದಿದೆ. ಮರುದಿನ ಗೋಡೆಗೆ ಎರಡರ ಬದಲು ನಾಲ್ಕು ದಾರ ಮಿಡಿದೆ. ಹೊಟ್ಟೆಗೆ ಎರಡು, ತಲೆಗೆ ಒಂದು, ಬಾಲಕ್ಕೆ ಒಂದು. ಬಳಪದಲ್ಲಿ ಎಲ್ಲ ಹೆಸರನ್ನೂ ಬರೆದಿಟ್ಟು ಮಾಲಕನಿಗೆ ಹೇಳಿಕಳಿಸಿದೆ.

ಶಿವಕಾಂತ ಬೀದರಿನಿಂದ ಕಾರಿನಲ್ಲಿ ಬಂದ. ಜೊತೆಗೆ ಅವನ ಅಕ್ಕನ ಮಗ ಸಂತೋಷ. ಪದವಿ ಮುಗಿಸಿ ಮಾವನ ಕಾರಿನ ಬಾಗಿಲು ತೆಗೆಯುವುದು ಹಾಕುವುದು ಮಾಡಿಕೊಂಡಿದ್ದ. ಶಿವಕಾಂತ ರಸ್ತೆಯ ಆಚೆ ನಿಂತು ಗೋಡೆ ನೋಡಿದ. ಇರುವೆ ಸಾಲು ಬರೆದೀರೇನು ಕಾಶೀಬಾಯಿ ಎಂದ. ಬಸ್ಸಿನಲ್ಲಿ ಕೂತವರಿಗೆ ಕಾಣಬೇಕು, ಎಲ್ಲವನ್ನೂ ದೊಡ್ಡಕ್ಷರ ಮಾಡಿ ಎಂದ. ನಸ್ರೀನ್ ಮುಂದೆ ಬಂದು, ಹೆಸರುಗಳನ್ನು ಹಾಗೆ ಬರೆಯುವುದಿಲ್ಲ, ಹೆಡ್ ಆಫೀಸಿನ ನಿಯಮವೂ ಇದೆ ಎಂದಳು.

"ನನ್ನ ಹೆಸರು ಎಲ್ಲಾ ದೊಡ್ಡಕ್ಷರದಾಗ ಬರದ್ರ ನಾ ಬ್ಯಾರೆ ಮನಶಾ ಆಗ್ತೇನೇನು? ನಿಯಮ ನಾ ನೋಡ್ಕೋತೇನಿ. ನೀ ಕ್ಲಾಸಿಗಿ ನಡಿ," ಎಂದ ಅವನು.

ಅವಳು ನಡೆಯಲಿಲ್ಲ. ಕೈಕಟ್ಟಿ ಅಲ್ಲೇ ನಿಂತಳು. ನಾನು ಒದ್ದೆ ಬಟ್ಟೆ ತೆಗೆದುಕೊಂಡು, ಹಿಂದಿನ ದಿನವೆಲ್ಲ ಕೂತು ಕಲಿತದ್ದನ್ನು ಒರೆಸಿದೆ. ಎರಡು ದಾರ ಮಿಡಿದು ದೊಡ್ಡಕ್ಷರ ಬರೆದೆ. ನನ್ನ ಕೆಲಸ ಮಾಲಕ ಹೇಳಿದ್ದನ್ನು ಬರೆಯುವುದು. ಆದರೆ ಬ್ರಶ್ ಅವನ ಕೈಗೆ ಕೊಡುವ ಮುಂಚೆ, ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹೇಳಿದೆ.

"ಸಾವಕಾರ್ರೆ, ಗೆರಿ ಎಳೆದ ಮ್ಯಾಲ ಇದು ನಿಮ್ಮ ಮಾತು ಆಗ್ತದ. ನಂದೂ ಅಲ್ಲ, ಈ ಹುಡುಗಿದೂ ಅಲ್ಲ."

ಗೊತ್ತು ಗೊತ್ತು ಎಂದ. ಸಂತೋಷ ಕಾಯಿ ಒಡೆದ. ಶಿವಕಾಂತ ಬ್ರಶ್ ಅದ್ದಿ, ಜಾವಾದ ಮೊದಲ ಅಕ್ಷರದ ಕಂಬವನ್ನು ಮೇಲಿಂದ ಕೆಳಗೆ ಎಳೆದ. ಅವಸರಕ್ಕೆ ಗೆರೆ ಬಲಕ್ಕೆ ವಾಲಿತು. ಆ ಸೊಟ್ಟು ಮುಚ್ಚಲು ನಾನು ಆ ಒಂದು ಅಕ್ಷರವನ್ನು ಉಳಿದವುಗಳಿಗಿಂತ ದಪ್ಪ ಮಾಡಬೇಕಾಯಿತು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಭಾಲ್ಕಿ ಶಾಖೆಯಲ್ಲಿ ಕಲಿತ ಒಬ್ಬ ಹುಡುಗ ಹೈದರಾಬಾದಿಗೆ ಕೆಲಸ ಕೇಳಲು ಹೋದ. ತನ್ನ ವಿವರ ಬರೆದ ಕಾಗದದಲ್ಲಿ ಭಾಷೆಗಳ ಹೆಸರನ್ನು ನಮ್ಮ ಗೋಡೆಯ ಮೇಲಿದ್ದ ಹಾಗೇ ಬರೆದಿದ್ದ. ಎದುರು ಕೂತಿದ್ದವರು, ಕಲಿತ ಭಾಷೆಯ ಹೆಸರೇ ನೆಟ್ಟಗೆ ಬರೆಯಲು ಬರುವುದಿಲ್ಲವಲ್ಲ ಎಂದು ನಕ್ಕರಂತೆ. ಅವನು ಕೆಲಸವಿಲ್ಲದೆ ವಾಪಸು ಬಂದು, ಗೋಡೆಯ ಫೋಟೊ ತೆಗೆದು ಹೆಡ್ ಆಫೀಸಿಗೆ ಕಳಿಸಿದ. ಅಷ್ಟಕ್ಕೇ ಕೆಲಸ ತಪ್ಪುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ಹೆಡ್ ಆಫೀಸಿನಿಂದ ಒಬ್ಬ ಸಾಹೇಬ ಬೀದರಿಗೆ ಬಂದಿಳಿದ. ಇಂಥ ಗೋಡೆ ಬರೆಸುವವನಿಗೆ ಔರಾದಿನ ಶಾಖೆ ಕೊಡಬೇಕೋ ಬೇಡವೋ ಎಂದು ನೋಡಲು ಬಂದವನು.

ಶಿವಕಾಂತ ಏನು ಮಾಡಿದ? ನಸ್ರೀನ್ ಹಾಗೆ ಬರೆದುಕೊಟ್ಟಳು, ಪೇಂಟರ್ ಹಾಗೆ ಬರೆದಳು, ನಾನು ಅವತ್ತು ಊರಲ್ಲೇ ಇರಲಿಲ್ಲ ಎಂದ.

ನಸ್ರೀನ್ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಇದನ್ನು ಹೇಳಿದಳು. ಮಧ್ಯಾಹ್ನ ಬೀದರಿನ ಆಫೀಸಿಗೆ ಕರೆದಿದ್ದರು. ನಾನು ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದೆ. ನೀವು ಬಂದರೆ ಏನಾಗುತ್ತದೆ ಆಯಿ ಎಂದಳು. ಆಗಲಿ ಬಿಡಲಿ, ಅವನು ಎಳೆದದ್ದು ನನ್ನ ಬ್ರಶ್ಶಿನಿಂದ ಎಂದೆ. ಬೀದರಿನ ತನಕ ಬಸ್ಸಿನಲ್ಲಿ ನನ್ನ ಹಲ್ಲು ಕಡಿಯುವ ಸದ್ದು ಅವಳಿಗೆ ಕೇಳಿಸಿರಬೇಕು.

ಆಫೀಸಿನ ಕೋಣೆಯಲ್ಲಿ ಎಸಿ ಇತ್ತು. ಮೇಜಿನ ಆಚೆ ಸಾಹೇಬ, ಪಕ್ಕದಲ್ಲಿ ಶಿವಕಾಂತ, ಮೂಲೆಯಲ್ಲಿ ಫೋನು ನೋಡುತ್ತ ಸಂತೋಷ. ನನ್ನನ್ನು ಯಾರೂ ಕರೆದಿರಲಿಲ್ಲ, ಕೂರು ಎಂದೂ ಹೇಳಲಿಲ್ಲ. ಸಾಹೇಬನ ಕನ್ನಡ ಬೆಂಗಳೂರ ಕಡೆಯದು, ಮೆತ್ತಗೆ. ಹೆಸರುಗಳನ್ನು ಹೇಗೆ ಬರೆಯಬೇಕು, ಯಾವುದಕ್ಕೆ ಮೊದಲ ಅಕ್ಷರ ದೊಡ್ಡದು, ಯಾವುದಕ್ಕೆ ಎಲ್ಲವೂ ದೊಡ್ಡದು ಎಂದು ನಸ್ರೀನಳಿಗೆ ಪಾಠ ಮಾಡಿದ. ನೆಲದ ಮೇಲೆ ಅವಳು ನನಗೆ ಹೇಳಿಕೊಟ್ಟಿದ್ದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ.

"ನಾನೂ ಇದೇ ಹೇಳಿದ್ದೆ ಸರ್," ಎಂದಳು ನಸ್ರೀನ್. "ನೆಲದ ಮ್ಯಾಲ ಬರದು ತೋರಿಸಿದ್ದೆ."

"ನೆಲ ಬಂದು ಸಾಕ್ಷಿ ಹೇಳ್ತದೇನು?" ಎಂದ ಶಿವಕಾಂತ.

"ನಾ ಹೇಳ್ತೇನಿ," ಎಂದೆ.

ಹೇಳಿದೆ. ಮೊದಲು ಸರಿಯಾಗಿ ಬರೆದದ್ದು, ಇವನು ಒರೆಸಲು ಹೇಳಿದ್ದು, ಸಂತೋಷ ಕಾಯಿ ಒಡೆದದ್ದು, ಇವನೇ ಮೊದಲ ಗೆರೆ ಎಳೆದದ್ದು. ಗೆರೆಯ ಕಟ್ಟಳೆಯನ್ನೂ ಬಿಡಿಸಿ ಹೇಳಿದೆ. ಫೋಟೊದಲ್ಲಿ ಆ ಮೊದಲ ಅಕ್ಷರ ನೋಡಿ, ಅದೊಂದೇ ಯಾಕೆ ದಪ್ಪ ಇದೆ ಕೇಳಿ ಎಂದೆ. ಸಾಹೇಬ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ಬಣ್ಣ ಸೋರಿರಬಹುದು ಎಂದ. ಆಮೇಲೆ ನನ್ನನ್ನು ಕೇಳಿದ.

"ಅಮ್ಮ, ನಿಮಗೆ ಇಂಗ್ಲಿಷ್ ಓದೋಕೆ ಬರುತ್ತಾ?"

"ಇಲ್ಲ."

"ಮತ್ತೆ ಗೋಡೆ ಮೇಲೆ ಏನಿತ್ತು, ಏನು ಬದಲಾಯಿಸಿದರು ಅಂತ ಹೇಗೆ ಹೇಳ್ತೀರಿ?"

"ಗೆರಿ ಎಳೆದವರು ಯಾರು ಅಂತ ನೋಡಕ ಓದು ಬೇಕೇನ್ರಿ?"

ಶಿವಕಾಂತ ನಕ್ಕ. ಆ ನಗು ನನಗೆ ಇವತ್ತಿಗೂ ಮೈ ಉರಿಸುತ್ತದೆ. ವಯಸ್ಸಾಗಿದೆ ಸರ್, ದಿನಕ್ಕೊಂದು ಊರಲ್ಲಿ ಗೋಡೆ ಬರೆಯುತ್ತಾಳೆ, ಎಲ್ಲಿ ಯಾರು ಎಳೆದರು ಎಂದು ಮರೆಯುತ್ತಾಳೆ ಎಂದ. ನನ್ನ ಎದುರಿಗೇ, ನಾನು ಅಲ್ಲಿ ಇಲ್ಲದವಳ ಹಾಗೆ. ಸಾಹೇಬ ಸಂತೋಷನ ಕಡೆ ನೋಡಿ, ನೀವು ಅಲ್ಲಿದ್ದಿರಾ ಎಂದು ಕೇಳಿದ. ಕಾಯಿ ಒಡೆದ ಹುಡುಗ ಫೋನಿನಿಂದ ಕಣ್ಣೆತ್ತಲಿಲ್ಲ. ನೆನಪಿಲ್ಲ ಸರ್ ಎಂದ.

ಸಾಹೇಬನಿಗೆ ನಿಜ ಯಾರ ಕಡೆ ಇದೆ ಎಂದು ಗೊತ್ತಾಗಿತ್ತು. ನಾನು ಅವನ ಮುಖ ನೋಡುತ್ತಿದ್ದೆ. ಗೊತ್ತಾಗಿಯೂ ಅವನಿಗೆ ಬೇಕಿದ್ದದ್ದು ಜಗಳ ಮುಗಿಯುವುದು, ಔರಾದಿನ ಶಾಖೆ ತೆರೆಯುವುದು. ಯಾರೇ ಹೇಳಿದ್ದರೂ ಕಲಿಸುವವರು ತಡೆಯಬೇಕಿತ್ತು ಎಂದ. ನಸ್ರೀನ್ ತಪ್ಪಾಯಿತೆಂದು ಬರೆದುಕೊಟ್ಟರೆ ಭಾಲ್ಕಿಯಲ್ಲಿ ಮುಂದುವರಿಯಬಹುದು, ಔರಾದನ್ನು ಸದ್ಯಕ್ಕೆ ಸಂತೋಷ ನೋಡಿಕೊಳ್ಳಲಿ ಎಂದು ತೀರ್ಮಾನ ಹೇಳಿದ. ಆಗ ನನಗೆ ಪೂರ್ತಿ ತಿಳಿಯಿತು. ಶಿವಕಾಂತ ತನ್ನ ತಪ್ಪನ್ನು ಅವಳ ಮೇಲೆ ಹಾಕಿದ್ದು ತಾನು ಉಳಿಯಲಿಕ್ಕೆ ಅಷ್ಟೇ ಆಗಿರಲಿಲ್ಲ. ಅವಳು ಕೂಡಿಸಿದ ಮಕ್ಕಳು, ಅವಳು ಹದ ಮಾಡಿದ ಜಾಗ, ಎಲ್ಲವೂ ಅಳಿಯನಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು.

ನಸ್ರೀನ್ ಕೊರಳಿನ ಗುರುತಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ತಪ್ಪು ಮಾಡಿದವರು ಬರದು ಕೊಡ್ಲಿ ಸರ್," ಎಂದು ಹೊರಗೆ ನಡೆದಳು.

ಮೆಟ್ಟಿಲಲ್ಲಿ ಅವಳು ಅಳಲಿಲ್ಲ. ಊಟ ಮಾಡಿದಿರಾ ಎಂದು ನನ್ನನ್ನೇ ಕೇಳಿದಳು. ರಸ್ತೆಯ ಆಚೆ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿದೆವು. ಅವಳು ಕಪ್ಪನ್ನು ತಿರುಗಿಸುತ್ತ, "ಔರಾದ ಹುಡುಗ್ಯಾರು ಫೋನ್ ಮಾಡ್ತಾರ ಆಯಿ, ಕ್ಲಾಸ್ ಯಾವಾಗ ಅಂತ. ಅವರಿಗಿ ಏನ್ ಹೇಳ್ಲಿ?" ಎಂದಳು. ಅವಳನ್ನು ಚಿದ್ರಿಯ ಆಟೊ ಹತ್ತಿಸಿ ನಾನು ಭಾಲ್ಕಿ ಬಸ್ಸು ಹಿಡಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿವಕಾಂತನ ಕಾರು ನನ್ನ ಓಣಿಗೆ ಬಂತು. ಮನೆಗೆ ಬಂದವನಿಗೆ ನೀರು ಕೊಡಬೇಕು, ಕೊಟ್ಟೆ. ಪೇಢೆಯ ಡಬ್ಬಿ ತಂದಿದ್ದ, ಅದನ್ನು ಕಟ್ಟೆಯ ಮೇಲೇ ಬಿಟ್ಟೆ, ರಾತ್ರಿ ನಾಯಿ ತಿಂದಿತು. ಮಧ್ಯಾಹ್ನದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ನಾಳೆ ಬೆಳಿಗ್ಗೆ ಔರಾದಿನಲ್ಲಿ ಗೋಡೆ ಶುರುವಾಗಬೇಕು, ಬಣ್ಣ ಬಳಿಸಿ ಆಗಿದೆ, ಸಾಹೇಬರೂ ಊರಿನ ಹಿರಿಯರೂ ಬರುತ್ತಾರೆ, ನಿಮ್ಮ ಕೈಯಷ್ಟು ನೆಟ್ಟಗೆ ಬರೆಯುವವರು ಈ ಜಿಲ್ಲೆಯಲ್ಲೇ ಇಲ್ಲ ಎಂದ. ಆಮೇಲೆ ಒಂದು ದೊಡ್ಡ ಹಾಳೆ ಬಿಡಿಸಿ ತೋರಿಸಿದ. ಈ ಸಲ ಎಲ್ಲ ಹೆಸರೂ ಸರಿಯಾದ ರೂಪದಲ್ಲಿ ಅಚ್ಚಾಗಿದ್ದವು. ಜಾವಾಕ್ಕೆ ತಲೆಯಕ್ಷರ ಮಾತ್ರ ದೊಡ್ಡದು, ಪೈಥಾನಿನ ಬಾಲ ಕೆಳಗೆ. ನಾನು ನೆಲದ ಮೇಲೆ ಕಲಿತ ಸಾಲುಗಳೇ, ಅದೇ ಕ್ರಮದಲ್ಲಿ. ಕೆಳಗೆ ಶಾಖೆಯ ಮುಖ್ಯಸ್ಥ ಎಂದು ಸಂತೋಷನ ಹೆಸರು.

"ಗೆರಿ ಯಾರು ಎಳೀತಾರ?" ಎಂದು ಕೇಳಿದೆ.

"ನಾನೇ, ಮತ್ತ್ಯಾರು? ನಿಮ್ಮ ಪದ್ಧತಿ ಅಲ್ಲೇನು?" ಎಂದ.

ಬರುತ್ತೇನೆ ಎಂದೆ. ಅವನು ಖುಷಿಯಾಗಿ ಹೋದ. ನಾನು ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಚೀಲಕ್ಕೆ ಹಾಕಿದೆ.

ಮುಂದೆ ಯಾರಿಗೆ ಏನಾಯಿತು ಎಂದು ಕೇಳುವವರಿದ್ದಾರೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಔರಾದಿನ ಶಾಖೆ ಸಂತೋಷನಿಗೇ ಹೋಯಿತು. ಅದು ಹೆಚ್ಚು ದಿನ ನಡೆಯಲಿಲ್ಲ. ನಸ್ರೀನ್ ಈಗ ಬೀದರಿನಲ್ಲೇ ಬೇರೆ ಕಡೆ ಕಲಿಸುತ್ತಾಳೆ. ಔರಾದಿನ ಮಕ್ಕಳು ಅವಳಿಗೆ ಸಿಗಲಿಲ್ಲ, ಅವಳೂ ಅವರಿಗೆ ಸಿಗಲಿಲ್ಲ. ಕಡೆಗೆ ನ್ಯಾಯ ಗೆದ್ದಿತು ಎಂದು ಬರೆಯಲು ನನಗೆ ಬರುವುದಿಲ್ಲ. ಗೆಲ್ಲಲಿಲ್ಲ. ಒಂದು ಹೆಸರಿನಲ್ಲಿ ಯಾವ ಅಕ್ಷರ ದೊಡ್ಡದಿರಬೇಕು, ಯಾವುದು ಸಣ್ಣದಿರಬೇಕು ಎಂದು ಅಷ್ಟು ಕರಾರುವಾಕ್ಕಾಗಿ ತಿಳಿದ ಆ ಸಾಹೇಬ, ಎದುರಿಗೆ ನಿಂತ ಇಬ್ಬರು ಹೆಂಗಸರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ತಿಳಿಯದೆ ಹೋದ. ಹೆಸರನ್ನು ಅದಿದ್ದ ಹಾಗೆ ಬರೆಯಬೇಕು ಎಂಬ ನಿಯಮ ಒಳ್ಳೆಯದೇ, ನಾನು ಒಪ್ಪುತ್ತೇನೆ. ಆದರೆ ಅದನ್ನು ಜಾವಾಕ್ಕೆ ಪಾಲಿಸಿ, ನಸ್ರೀನಳ ವಿಷಯದಲ್ಲಿ ಕೈಬಿಟ್ಟರೆ ಅದೆಂಥ ನಿಯಮ?

ನನ್ನ ಕೆಲಸ ನನಗೆ ಕಲಿಸಿದ್ದು ದೊಡ್ಡ ಮಾತೇನೂ ಅಲ್ಲ. ಬಣ್ಣ ಒಣಗಿದ ಮೇಲೆ ವಾದ ಮಾಡಿ ಉಪಯೋಗವಿಲ್ಲ. ಏನು ಕೇಳಬೇಕೋ ಅದನ್ನು ಬ್ರಶ್ ಇನ್ನೂ ಒದ್ದೆಯಿರುವಾಗ, ನಾಲ್ಕು ಮಂದಿಯ ಎದುರು, ಎಳೆಯುವವನ ಕಣ್ಣು ನೋಡಿ ಕೇಳಬೇಕು.

ಶಿವಕಾಂತ ಪೇಢೆ ತಂದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಔರಾದಿಗೆ ಹೋದೆ. ಗೋಡೆ ಹಳದಿ ಬಳಿದುಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. ಮೊಳೆ ಹೊಡೆದು ನಾಲ್ಕು ದಾರ ಮಿಡಿದೆ. ಹಾಳೆ ನೋಡುವ ಅಗತ್ಯವೇ ಬೀಳಲಿಲ್ಲ. ಜಾವಾ, ಪೈಥಾನ್, ರೂಬಿ, ಎಲ್ಲವನ್ನೂ ಬಳಪದಲ್ಲಿ ಬರೆದೆ, ತಲೆ ತಲೆಯ ಜಾಗದಲ್ಲಿ, ಬಾಲ ಬಾಲದ ಜಾಗದಲ್ಲಿ. ಅಷ್ಟು ಚೆಂದದ ಸಣ್ಣಕ್ಷರ ನಾನು ಮತ್ತೆ ಬರೆದಿಲ್ಲ. ಅಷ್ಟರಲ್ಲಿ ಮಂದಿ ಸೇರಿದರು. ಊರಿನ ಹಿರಿಯರು, ಮಕ್ಕಳನ್ನು ಕಳಿಸಲು ಒಪ್ಪಿದ್ದ ತಾಯಂದಿರು, ಸಾಹೇಬ, ಹೊಸ ಅಂಗಿಯ ಸಂತೋಷ. ಮೇಡಂ ಯಾಕೆ ಬಂದಿಲ್ಲ ಎಂದು ತಾಯಂದಿರು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಸಂತೋಷ ಕಾಯಿ ಒಡೆದ. ನಾನು ಡಬ್ಬಿಯ ಮುಚ್ಚಳ ತೆಗೆದು, ಬ್ರಶ್ ಅದ್ದಿ, ಶಿವಕಾಂತನ ಮುಂದೆ ಹಿಡಿದೆ.

"ಗೆರಿ ಎಳೀರಿ. ಆದ್ರ ಭಾಲ್ಕಿ ಗ್ವಾಡಿ ಮ್ಯಾಲಿನ ಮೊದಲನೇ ಗೆರಿ ಯಾರದು, ಅದು ಈ ಮಂದಿಗಿ ಹೇಳಿ ಎಳೀರಿ."

ಅವನ ಕೈ ಅರ್ಧಕ್ಕೆ ಬಂದು ನಿಂತಿತು. ಇದೇನು ಈಗ ಎಂದು ನಕ್ಕ. ನಾನು ನಗಲಿಲ್ಲ. ಹಿರಿಯರೊಬ್ಬರು, ಏನದು ಮಾತು ಎಂದು ಕೇಳಿದರು. ನಾನು ಅವರ ಕಡೆ ತಿರುಗಿ ಪೂರ್ತಿ ಹೇಳಿದೆ. ಇವನು ಏನು ಬರೆಸಿದ, ಗೆರೆ ಎಳೆದು ಎಳೆದಿಲ್ಲ ಎಂದದ್ದು ಹೇಗೆ, ನಿಮ್ಮ ಮನೆಗಳಿಗೆ ಬಂದು ಚಹಾ ಕುಡಿದ ಮೇಡಂ ಯಾಕೆ ಇಲ್ಲಿಲ್ಲ. ಬಣ್ಣ ಬ್ರಶ್ಶಿನಿಂದ ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಹೇಳಿ ಮುಗಿಸಿ ಮತ್ತೆ ಬ್ರಶ್ ಚಾಚಿದೆ. ಅವನು ಹಿಡಿಯಲಿಲ್ಲ. ಸಾಹೇಬನಿಗೆ ಚಾಚಿದೆ, ಅವನು ಒಂದು ಹೆಜ್ಜೆ ಹಿಂದೆ ಸರಿದ. ಸಂತೋಷ ಕಾಯಿಯ ಹೋಳು ಹಿಡಿದುಕೊಂಡು ನೆಲ ನೋಡುತ್ತಿದ್ದ.

"ಗೆರಿ ಇಲ್ಲದ ಗ್ವಾಡಿ ನಾ ಬರಿಯಂಗಿಲ್ಲ," ಎಂದೆ.

ಒದ್ದೆ ಬಟ್ಟೆ ತೆಗೆದುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಬರೆದದ್ದನ್ನೆಲ್ಲ ಒರೆಸಿದೆ. ಮೊಳೆ ಕಿತ್ತೆ, ದಾರ ಸುತ್ತಿದೆ. ಡಬ್ಬಿಗೆ ಮುಚ್ಚಳ ಹಾಕಿ, ಅಲ್ಲೇ ಬಿದ್ದಿದ್ದ ಕಲ್ಲು ತೆಗೆದುಕೊಂಡು, ಮುಚ್ಚಳ ಬಿಗಿಯಾಗುವ ತನಕ ಸುತ್ತಲೂ ಕುಟ್ಟಿದೆ.